ಪಾರ್ಶ್ವಸ್ಥಿತಿ ಮೀಮಾಂಸೆ: ಪದವೀಧರ ಅಪ್ರೆಂಟಿಸ್‌ನ ಸ್ವರೂಪ ವಿಚಾರ

ವಿದ್ಯುತ್ ಉಪಕೇಂದ್ರವೆಂಬ ಜ್ಞಾನಕ್ಷೇತ್ರದಲ್ಲಿ ಪದವೀಧರ ಅಪ್ರೆಂಟಿಸ್ ಎಂಬ ಜೀವಿಯು ಎಲ್ಲಿ ನಿಲ್ಲುತ್ತಾನೆ, ಏಕೆ ನಿಲ್ಲುತ್ತಾನೆ, ಎಷ್ಟು ಹೊತ್ತು ನಿಲ್ಲುತ್ತಾನೆ ಎಂಬ ಬಹುಮುಖಿ ನೆಲೆಗಳನ್ನು ಸಮಗ್ರವಾಗಿ, ಸಾದ್ಯಂತವಾಗಿ ಹಾಗೂ ಕೈಲಾದಷ್ಟು ಅರ್ಥವಾಗದಂತೆ ಶೋಧಿಸುವುದು ಪ್ರಸ್ತುತ ಪ್ರಬಂಧದ ವಿನಮ್ರ ಉದ್ದೇಶ. ಈ ದಿಕ್ಕಿನಲ್ಲಿ ಹಿಂದಿನ ವಿದ್ವಾಂಸರಾರೂ ಕೈಹಾಕದಿರಲು ಕಾರಣ, ಅವರೆಲ್ಲ ಅಪ್ರೆಂಟಿಸ್ ಮುಗಿಸಿದ ಮೇಲೆ ಕೆಲಸ ಹುಡುಕುವುದರಲ್ಲಿ ಮಗ್ನರಾಗಿರುವುದು.

ಇತಿಹಾಸವಿಲ್ಲದೆ ಪ್ರಬಂಧವಿಲ್ಲವಷ್ಟೆ. 1902ರಲ್ಲಿ ಶಿವನಸಮುದ್ರದ ಕಾವೇರಿ ಟರ್ಬೈನು ತಿರುಗಿಸಿ, ತೊಂಬತ್ತಕ್ಕೂ ಹೆಚ್ಚು ಮೈಲಿ ಆಚೆಯ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿಕೊಟ್ಟಳು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ದೀಪ ಬಂತು. ಗಣಿ ಮೊದಲು, ಊರು ಆಮೇಲೆ ಎಂಬ ಕ್ರಮವನ್ನು ಓದುಗರು ಗಮನಿಸತಕ್ಕದ್ದು. ಮುಂದಿನ ಪುಟಗಳಿಗೆ ಈ ಸಂಗತಿಯಿಂದ ಉಪಯೋಗವೇನೂ ಇಲ್ಲ. ಆದರೂ ತರಬೇತಿಯ ಮೊದಲ ದಿನ ನಮ್ಮನ್ನು ಎ.ಸಿ. ರೂಮಿನಲ್ಲಿ ಕೂರಿಸಿ ಇದನ್ನೇ ಪವರ್‌ಪಾಯಿಂಟಿನಲ್ಲಿ ಮಧ್ಯಾಹ್ನದ ಊಟದವರೆಗೆ ತೋರಿಸಿದರು. ರಬ್ಬರ್ ಗ್ಲೌಸು ಎಲ್ಲಿದೆ ಎಂದು ಮಾತ್ರ ತೋರಿಸಲಿಲ್ಲ. ಆದಕಾರಣ ಪರಂಪರೆಗೆ ಭಂಗ ಬಾರದಂತೆ ನಾನೂ ಶಿವನಸಮುದ್ರದಿಂದಲೇ ಆರಂಭಿಸಿದ್ದೇನೆ.

ಇನ್ನು ಶಾಸ್ತ್ರಪ್ರಮಾಣ. ಈ ಜೀವಿಯ ಮೂಲಗ್ರಂಥ 1961ರ ಅಪ್ರೆಂಟಿಸ್ ಕಾಯ್ದೆ. ಬಿ.ಇ. ಮುಗಿಸಿದವರನ್ನೂ ಡಿಪ್ಲೊಮಾದವರನ್ನೂ ಅದರೊಳಗೆ ಕರೆದುಕೊಂಡದ್ದು 1973ರ ತಿದ್ದುಪಡಿ. ತರಬೇತಿ ಒಂದು ವರ್ಷ. 2019ರಲ್ಲಿ ಗೊತ್ತುಮಾಡಿದ ಕನಿಷ್ಠ ಸ್ಟೈಪೆಂಡು ಡಿಪ್ಲೊಮಾದವನಿಗೆ ತಿಂಗಳಿಗೆ 8,000 ರೂಪಾಯಿ, ಪದವೀಧರನಿಗೆ 9,000. ಎಂದಮೇಲೆ ಲಾಪ್ಲಾಸ್, ಫೂರಿಯರ್, ಸಿಮೆಟ್ರಿಕಲ್ ಕಾಂಪೊನೆಂಟು, ಜೊತೆಗೆ ಅಪ್ಪ ಮಾಡಿದ ಎಜುಕೇಶನ್ ಲೋನು, ಇಷ್ಟೂ ಸೇರಿ ತಿಂಗಳಿಗೆ ಒಂದು ಸಾವಿರ. ಆ ಕನಿಷ್ಠ ಮೊತ್ತದಲ್ಲೂ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುವ ಏರ್ಪಾಡಿದೆ. ಆಷಾಢದ ರಿಯಾಯಿತಿ ನಮ್ಮ ಮೇಲೆ ವರ್ಷಪೂರ್ತಿ.

18ನೆಯ ಕಲಮಿನ ಪ್ರಕಾರ ಅಪ್ರೆಂಟಿಸ್ ತರಬೇತಿ ಪಡೆಯುವವನೇ ಹೊರತು ಕೆಲಸಗಾರನಲ್ಲ. ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಅದ್ವೈತಿಗಳು ಜಗತ್ತಿನ ಬಗ್ಗೆ ಹೇಳಿದ್ದನ್ನು ಈ ಕಲಂ ನಮ್ಮ ದುಡಿಮೆಯ ಬಗ್ಗೆ ಹೇಳುತ್ತದೆ. ಮಾಡಿದಂತೆ ಕಾಣುತ್ತದೆ, ಬೆನ್ನು ನೋಯುತ್ತದೆ, ಆದರೆ ಮಾಡಿದ್ದಲ್ಲ. 22ನೆಯ ಕಲಮಿನಲ್ಲಿ, ತರಬೇತಿ ಮುಗಿದವನಿಗೆ ಕೆಲಸ ಕೊಡಲೇಬೇಕೆಂಬ ಕಡ್ಡಾಯ ಮಾಲೀಕನಿಗಿಲ್ಲ ಎಂದು ಮೊದಲು ಬರೆದಿತ್ತು. 2014ರಲ್ಲಿ ಅದನ್ನು ತಿದ್ದಿ, ಪ್ರತಿ ಮಾಲೀಕನೂ ಈ ವಿಷಯದಲ್ಲಿ ತನ್ನದೇ ನೀತಿ ರೂಪಿಸಿಕೊಳ್ಳತಕ್ಕದ್ದು ಎಂದು ಮಾಡಿದರು. ನಮ್ಮಲ್ಲಿ ಆ ನೀತಿ ಏನೆಂದು ಆಫೀಸಿನಲ್ಲಿ ವಿಚಾರಿಸಿದೆ. ಹೆಡ್ ಕ್ಲರ್ಕು ಕನ್ನಡಕದ ಮೇಲಿಂದ ನೋಡಿ, “ಆ ಫೈಲ್ ಮೂವ್ ಆಗಿದೆ” ಅಂದರು. ಎಲ್ಲಿಗೆ ಎಂದು ಕೇಳುವಷ್ಟು ಪ್ರೌಢಿಮೆ ನನಗಿನ್ನೂ ಬಂದಿರಲಿಲ್ಲ.

ಪ್ರಬಂಧದ ತಿರುಳಿಗೆ ಬರೋಣ. ಉಪಕೇಂದ್ರದ ಗೇಟು ದಾಟಿದ ಕ್ಷಣದಿಂದ ಅಪ್ರೆಂಟಿಸ್‌ಗೆ ದೊರೆಯುವ ಆದ್ಯ ಉಪದೇಶ ‘ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಪ್ಪ’ ಎಂಬ ಮಹಾವಾಕ್ಯ. ಇದನ್ನು ನಾನು ಪಾರ್ಶ್ವಸ್ಥಿತಿ ಎಂದು ಕರೆಯುತ್ತೇನೆ. ಬ್ರೇಕರ್ ತೆಗೆಯುವಾಗ ಪಾರ್ಶ್ವಸ್ಥಿತಿ, ಟ್ರಾನ್ಸ್‌ಫಾರ್ಮರಿನ ಎಣ್ಣೆ ಸ್ಯಾಂಪಲ್ ಹಿಡಿಯುವಾಗ ಪಾರ್ಶ್ವಸ್ಥಿತಿ, ಸಾಹೇಬರ ಜೀಪು ಬಂದಾಗ ಗೋಡೆಗಂಟಿದ ಪೂರ್ಣ ಪಾರ್ಶ್ವಸ್ಥಿತಿ. ಹಾಗೆ ನಿಂತವರನ್ನು ಸ್ಥೂಲವಾಗಿ ಏಳು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯವನು ಶುದ್ಧ ಪಾರ್ಶ್ವಸ್ಥ. ನಿಲ್ಲುತ್ತಾನೆ, ಅಷ್ಟೆ. ಎರಡನೆಯವನು ಟಾರ್ಚ್‌ಧಾರಿ. ಪ್ಯಾನೆಲ್ ಒಳಗೆ ಕೈಯಿಟ್ಟವರಿಗೆ ಬೆಳಕು ಬೀಳುವಂತೆ, ತನಗೆ ಮಾತ್ರ ಏನೂ ಕಾಣದಂತೆ ಹಿಡಿಯುವ ಕಲೆ ಇವನಿಗೆ ಸಿದ್ಧಿಸಿರುತ್ತದೆ. ಮೂರನೆಯವನು ಎಕ್ಸೆಲ್ ಪಂಡಿತ. “ಕಂಪ್ಯೂಟರ್ ಬರುತ್ತಲ್ಲಪ್ಪ ನಿನಗೆ?” ಎಂಬ ಪ್ರಶ್ನೆಗೆ ಹೌದೆಂದ ಆ ಒಂದು ಗಳಿಗೆಯ ಫಲವಾಗಿ ಉಳಿದ ತಿಂಗಳುಗಳನ್ನು ಅವನು ಸ್ವಿಚ್‌ಯಾರ್ಡಿನ ಬದಲು ಸಿಸ್ಟಂ ಮುಂದೆ ಕಳೆಯುತ್ತಾನೆ. ಮೂರು ವರ್ಷದ ಪೆಂಡಿಂಗ್ ಸ್ಟೇಟ್‌ಮೆಂಟುಗಳು ಅವನಿಗಾಗಿಯೇ ಕಾದಿರುತ್ತವೆ.

ನಾಲ್ಕನೆಯವನು ಲಾಗ್‌ಲೇಖಕ. ಇವನ ಬಗ್ಗೆ ತುಸು ವಿಸ್ತರಿಸಬೇಕು. ಉಪಕೇಂದ್ರದಲ್ಲಿ ಗಂಟೆಗೊಮ್ಮೆ ರೀಡಿಂಗ್ ಬರೆಯುವುದು ನಿಯಮ: ಪ್ರತಿ ಫೀಡರಿನ ಆಂಪಿಯರ್, ಬಸ್ ವೋಲ್ಟೇಜ್, ಟ್ಯಾಪ್ ಸ್ಥಾನ, ಎಣ್ಣೆಯ ಶಾಖ, ವೈಂಡಿಂಗ್ ಶಾಖ. ದಿನಕ್ಕೊಮ್ಮೆ ಬ್ಯಾಟರಿ ನೋಡಬೇಕು, ಬ್ರೀದರಿನ ಸಿಲಿಕಾ ಜೆಲ್ ನೀಲಿಯೋ ಗುಲಾಬಿಯೋ ನೋಡಬೇಕು. ಒಳ್ಳೆಯ ನಿಯಮ. ಎಣ್ಣೆಯ ಶಾಖ ಲೋಡಿಗೆ ಮೀರಿ ಏರುತ್ತಿದ್ದರೆ ಟ್ರಾನ್ಸ್‌ಫಾರ್ಮರ್ ಏನೋ ಹೇಳುತ್ತಿದೆ ಎಂದೇ ಅರ್ಥ. ಒಳಗಿನ ದೋಷಕ್ಕೆ ಎಚ್ಚರಿಸುವ ಬುಕೋಲ್ಸ್ ರಿಲೇ ಕೂಗಿಕೊಳ್ಳುವವರೆಗೆ ಕಾಯಬಾರದು. ಆದರೆ ನಾನು ಬೆಳಿಗ್ಗೆ ಬಂದು ಕಂಪ್ಯೂಟರಿಗೆ ಏರಿಸುತ್ತಿದ್ದ ಪುಸ್ತಕದಲ್ಲಿ ರಾತ್ರಿ ಒಂದರಿಂದ ಐದರವರೆಗಿನ ಅಂಕಿಗಳು ಯೋಗಿಗಳ ಚಿತ್ತದಂತೆ ನಿಶ್ಚಲವಾಗಿರುತ್ತಿದ್ದವು. ಮಳೆ ಬಂದರೂ 48 ಡಿಗ್ರಿ, ಬೇಸಿಗೆಯಲ್ಲೂ 48 ಡಿಗ್ರಿ. ಟ್ರಿಪ್ಪಾಗಿ ನಿಂತಿದ್ದ ಫೀಡರಿನಲ್ಲೂ ನಾಲ್ಕು ಗಂಟೆಗೆ ಆಂಪಿಯರ್ ಹರಿದ ದಾಖಲೆಯಿದೆ. ವಿದ್ಯುತ್ ಶಾಸ್ತ್ರಕ್ಕೆ ಇದು ಹೊಸ ಕೊಡುಗೆ. ನಿದ್ರಾವಸ್ಥೆಯಲ್ಲಿರುವ ಆಪರೇಟರನ ಸುತ್ತ ಲೋಡು ಸ್ಥಿರವಾಗಿರುತ್ತದೆ ಎಂಬ ಈ ನಿಯಮಕ್ಕೆ ಯಾರ ಹೆಸರಿಡಬೇಕೆಂದು ಯೋಚಿಸುತ್ತಿದ್ದೇನೆ.

ಇವುಗಳ ಮೇಲೆ ತಿಂಗಳ ವರದಿ ಬೇರೆ. ‘ಈ ಅವಧಿಯಲ್ಲಿ ಗಳಿಸಿದ ಸಾಮರ್ಥ್ಯಗಳು’ ಎಂಬ ಕಾಲಮ್ಮು. ಅದಕ್ಕೆ ಸಿದ್ಧ ವಾಕ್ಯಗಳು ಹಿಂದಿನ ವರ್ಷದ ಹುಡುಗನ ಪೆನ್‌ಡ್ರೈವಿನಲ್ಲಿದ್ದವು. ಅವನಿಗೆ ಅದಕ್ಕೂ ಹಿಂದಿನವನು ಕೊಟ್ಟಿದ್ದ. ‘ಪ್ರೊಟೆಕ್ಷನ್ ಯೋಜನೆಗಳ ಸಮಗ್ರ ಪರಿಚಯ’ ಎಂದು ಬರೆದ ತಿಂಗಳು ನಾನು ರಿಲೇ ಪ್ಯಾನೆಲ್ಲಿನ ಬಾಗಿಲಿಗೆ ಗ್ರೀಸ್ ಹಚ್ಚಿದ್ದೆ. ಸಾಹೇಬರು ಓದದೆ ಸಹಿ ಹಾಕಿದರು. ಓದದೆ ಹಾಕಿದ್ದಕ್ಕೆ ನಾನು ಕೃತಜ್ಞ.

ಐದನೆಯ ಬಗೆ... ಸಾಕು. ಉಳಿದ ಮೂರು ಬಗೆಗಳನ್ನು ಓದುಗರೇ ಊಹಿಸಿಕೊಳ್ಳಲಿ. ನನಗೆ ಹೇಳಬೇಕಾಗಿರುವುದು ಬೇರೆ ಇದೆ.

ಮಳೆಗಾಲದ ಒಂದು ಸಂಜೆ 11 ಕೆ.ವಿ. ಫೀಡರ್ ಟ್ರಿಪ್ಪಾಯಿತು. ಗ್ಯಾಂಗಿನ ಜೊತೆ ನನ್ನನ್ನೂ ಜೀಪಿಗೆ ಹತ್ತಿಸಿದರು. ಲೈನಿಗೆ ಕರೆಂಟು ನಿಲ್ಲಿಸಿದ್ದೇವೆಂಬ ಲೈನ್ ಕ್ಲಿಯರ್ ತೆಗೆದುಕೊಂಡಾಯಿತು, ಜಿ.ಓ.ಎಸ್. ಎಂಬ ಕಂಬದ ಸ್ವಿಚ್ಚು ತೆಗೆದಾಯಿತು. ಕಂಬದ ಮೇಲೆ ಇನ್ಸುಲೇಟರ್ ಒಡೆದದ್ದು ಕೆಳಗಿಂದಲೇ ಕಾಣುತ್ತಿತ್ತು. ಫೋನಿನಲ್ಲಿ ಮೇಲಿನವರು ಒಂದೇ ಸಮನೆ, ‘ಬೇಗ ಮಾಡ್ರೀ, ಊರಿನವರು ಮುತ್ತಿಗೆ ಹಾಕ್ತಾರೆ’ ಅನ್ನುತ್ತಿದ್ದರು. ಲೈನನ್ನು ಅರ್ಥ್ ಮಾಡುವ ಡಿಸ್ಚಾರ್ಜ್ ರಾಡ್ ಜೀಪಿನಲ್ಲಿರಲಿಲ್ಲ. ಸ್ಟೋರಿನಲ್ಲಿತ್ತು. ಸ್ಟೋರಿನ ಕೀಲಿ ಊಟಕ್ಕೆ ಹೋಗಿತ್ತು. ಹಿರಿಯ ಲೈನ್‌ಮನ್ ಒಬ್ಬರಿದ್ದರು, ನಾನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ತಮಾಷೆಗೆ ಇಂಜಿನಿಯರ್ ಸಾಹೇಬ್ರೆ ಎನ್ನುತ್ತಿದ್ದರು. ಅವರು ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, “ರಾಡು ಬರೋವರ್ಗೂ ಯಾರೂ ಹತ್ತಂಗಿಲ್ಲ” ಅಂದರು.

“ಅಣ್ಣಾ, ಲೈನ್ ಕ್ಲಿಯರ್ ಇದೆಯಲ್ಲ?” ಅಂದೆ.

“ಸ್ಟೇಷನ್ನಿಂದ ಬರೋದು ನಿಂತದೆ. ಆ ಅಕ್ಕಿ ಗಿರಣಿಯವನು ಜನರೇಟರ್ ಹಾಕವ್ನೆ, ಸೌಂಡ್ ಕೇಳುಸ್ತಾ ಇಲ್ವ? ಅವನ ಚೇಂಜ್‌ಓವರ್ ಸರಿ ಇಲ್ದೆ ಹೋದ್ರೆ ಈ ಕಡೆಯಿಂದ ಬರುತ್ತೆ.”

ನಾಲ್ಕು ವರ್ಷ ಎಲೆಕ್ಟ್ರಿಕಲ್ ಓದಿದ್ದೆ. ಟ್ರಾನ್ಸ್‌ಫಾರ್ಮರ್ ಎರಡು ದಿಕ್ಕಿಗೂ ಕೆಲಸ ಮಾಡುತ್ತದೆ ಎಂಬುದು ಮೊದಲ ಅಧ್ಯಾಯದ ಪಾಠ. ಕೆಳಗಿನ ಬದಿಗೆ 415 ವೋಲ್ಟ್ ಕೊಟ್ಟರೆ ಮೇಲಿನ ಬದಿಯಲ್ಲಿ 11,000 ನಿಲ್ಲುತ್ತದೆ. ಲೆಕ್ಕ ಮಾಡಿ ಅಂಕ ತೆಗೆದಿದ್ದೆ. ಆ ಲೆಕ್ಕದ ಆ ತುದಿಯಲ್ಲಿ ಒಬ್ಬ ಮನುಷ್ಯನ ಕೈ ಇರುತ್ತದೆ ಎಂದು ಯಾವ ಮೇಷ್ಟರೂ ಹೇಳಿರಲಿಲ್ಲ, ಯಾವ ಪವರ್‌ಪಾಯಿಂಟಿನಲ್ಲೂ ಇರಲಿಲ್ಲ. ಲೈನ್ ತೆಗೆ, ಕರೆಂಟಿಲ್ಲವೆಂದು ಟೆಸ್ಟ್ ಮಾಡು, ಕೆಲಸದ ಎರಡೂ ಬದಿ ಅರ್ಥ್ ಮಾಡು, ಆಮೇಲೆ ಮುಟ್ಟು. ಇಡೀ ವರ್ಷದ ತರಬೇತಿಯಲ್ಲಿ ಪ್ರಾಣ ಉಳಿಸುವ ಪಾಠ ಇದೊಂದೇ. ಅದನ್ನು ಕಲಿಸಿದ್ದು ನನಗೆ ಕಲಿಸಬೇಕೆಂದು ಯಾರೂ ಗೊತ್ತುಮಾಡದಿದ್ದ ಮನುಷ್ಯ.

ರಾಡು ಬಂತು. ಎರಡೂ ಬದಿ ಅರ್ಥ್ ಮಾಡಿದರು, ಹತ್ತಿದರು, ಕೆಲಸ ಮುಗಿಸಿದರು. ಗಿರಣಿಯಿಂದ ವಾಪಸ್ ಕರೆಂಟು ಬರುತ್ತಿತ್ತೋ ಇಲ್ಲವೋ ಯಾರೂ ಹೋಗಿ ನೋಡಲಿಲ್ಲ. ಫೀಡರ್ ಚಾರ್ಜ್ ಮಾಡುವುದು ತಡವಾಯಿತೆಂದು ಆ ವಾರವೇ ಅಣ್ಣನಿಗೆ ಕಾರಣ ಕೇಳಿ ನೋಟಿಸ್ ಬಂತು. ಅದನ್ನು ಟೈಪ್ ಮಾಡಿದವನು ನಾನು. ಕಂಪ್ಯೂಟರ್ ಬರುತ್ತಲ್ಲ ನನಗೆ.

ಆ ರಾತ್ರಿ ಕಾಯ್ದೆಯನ್ನು ಮತ್ತೆ ತೆಗೆದು ಓದಿದೆ. 16ನೆಯ ಕಲಂ ಸಿಕ್ಕಿತು. ತರಬೇತಿಯ ಸಂದರ್ಭದಲ್ಲಿ ಅಪಘಾತದಿಂದ ಅಪ್ರೆಂಟಿಸ್‌ಗೆ ಪೆಟ್ಟಾದರೆ ಮಾಲೀಕನು ಪರಿಹಾರ ಕೊಡಬೇಕು. ಎಷ್ಟು ಎಂಬುದನ್ನು 1923ರ ಕಾರ್ಮಿಕರ ಪರಿಹಾರ ಕಾಯ್ದೆಯಂತೆ ಲೆಕ್ಕ ಹಾಕಬೇಕು ಎಂದು ಅಲ್ಲಿ ಬರೆದಿತ್ತು. ಅಂದರೆ ಟಾರ್ಚ್ ಹಿಡಿದಾಗ ನಾನು ಕಾರ್ಮಿಕನಲ್ಲ, ನೋಟಿಸ್ ಟೈಪ್ ಮಾಡಿದಾಗ ಕಾರ್ಮಿಕನಲ್ಲ. ಕಂಬದಿಂದ ಸುಟ್ಟು ಕೆಳಗೆ ಬಿದ್ದ ದಿನ ಮಾತ್ರ ಕಾರ್ಮಿಕರ ಕಾಯ್ದೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ಪಾರ್ಶ್ವಸ್ಥಿತಿ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ. ಬೇರೆ ಪ್ರಬಂಧಗಳಲ್ಲಿ ಇಲ್ಲಿ ನಗು ಬರಬೇಕು.

ಇನ್ನು ತರಬೇತಿಯ ಕೊನೆ. ಐ.ಟಿ.ಐ. ಮುಗಿಸಿ ಅಪ್ರೆಂಟಿಸ್ ಆಗಿ ಬಂದ ಹುಡುಗನಿಗೆ ಕೊನೆಯಲ್ಲಿ ಅಖಿಲ ಭಾರತ ಮಟ್ಟದ ಪರೀಕ್ಷೆಯಿದೆ. ಅವನು ಜಾಯಿಂಟ್ ಹಾಕಿ ತೋರಿಸಬೇಕು, ವೈರಿಂಗ್ ಮಾಡಿ ತೋರಿಸಬೇಕು. ಪದವೀಧರನಿಗೆ ಪರೀಕ್ಷೆಯಿಲ್ಲ. ಅವನು ತರಬೇತಿ ಮುಗಿಸಿದ್ದು ಪ್ರಾದೇಶಿಕ ಮಂಡಳಿಗೆ ತೃಪ್ತಿಯಾದರೆ ಸಾಕು, ಪ್ರಾವೀಣ್ಯ ಪತ್ರ ಬರುತ್ತದೆ. ದಕ್ಷಿಣದ ರಾಜ್ಯಗಳ ಮಂಡಳಿ ಚೆನ್ನೈಯಲ್ಲಿದೆ. ನನ್ನ ವಿಷಯದಲ್ಲಿ ಅದಕ್ಕೆ ಪೂರ್ಣ ತೃಪ್ತಿಯಾಯಿತು. ಹೊರಗಿನ ಅಭ್ಯರ್ಥಿಯೂ ಅಪ್ರೆಂಟಿಸ್ ಮುಗಿಸಿದವನೂ ಉಳಿದೆಲ್ಲದರಲ್ಲಿ ಸಮನಾಗಿದ್ದರೆ ಅಪ್ರೆಂಟಿಸ್‌ಗೇ ಆದ್ಯತೆ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆ ತೀರ್ಪಿನ ಪ್ರತಿಯನ್ನು ಪ್ರಾವೀಣ್ಯ ಪತ್ರದ ಜೊತೆ ಪಿನ್ ಮಾಡಿ ಆಫೀಸಿನಲ್ಲಿ ಕೊಟ್ಟು ಬಂದೆ. ಆ ಫೈಲೂ ಮೂವ್ ಆಗಿದೆ.

ಈ ವರ್ಷ ಸೇರುವ ಹುಡುಗ ಹುಡುಗಿಯರಲ್ಲಿ ಒಂದು ವಿನಂತಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು 16 ಮತ್ತು 18ನೆಯ ಕಲಂ ಓದಿಕೊಳ್ಳಿ. ಮೊದಲ ದಿನವೇ ಗ್ಲೌಸು, ಹೆಲ್ಮೆಟ್, ಡಿಸ್ಚಾರ್ಜ್ ರಾಡ್ ಎಲ್ಲಿವೆ, ಸ್ಟೋರಿನ ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿ. ನಿಮ್ಮ ಸ್ಟೇಷನ್ನಿನಲ್ಲಿ ಅತ್ಯಂತ ಹಳಬನಾದ ಲೈನ್‌ಮನ್ ಯಾರೆಂದು ವಿಚಾರಿಸಿ, ಅವರ ಹಿಂದೆ ಓಡಾಡಿ. ಕಂಪ್ಯೂಟರ್ ಬರುತ್ತಾ ಎಂದು ಯಾರಾದರೂ ಕೇಳಿದರೆ ಬರೋದಿಲ್ಲ ಅನ್ನಿ.