ಅಪಕ್ವ ಕಂಪೈಲರ್ ಮೀಮಾಂಸೆ: ಮಣ್ಣಗುಡ್ಡ ಪಾಠ

ವ್ಯಾಕರಣಕ್ಕೂ ಮಂಗಳೂರಿಗೂ ಹಳೆಯ ನಂಟು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಕಿಟೆಲ್ 1872ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ್ದು ಇಲ್ಲಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲೇ. ಹೀಗಿರುವಾಗ, ಪರರ ತಪ್ಪು ಹುಡುಕುವುದನ್ನೇ ಕಸುಬು ಮಾಡಿಕೊಂಡ ಇನ್ನೊಬ್ಬ ವೈಯಾಕರಣಿ ಆಟಿ ತಿಂಗಳಲ್ಲಿ ಮಣ್ಣಗುಡ್ಡದ ಹಂಚಿನ ಮನೆಯೊಂದರಲ್ಲಿ ಅವತರಿಸಿದರೆ ಆಶ್ಚರ್ಯವಿಲ್ಲ. ಆತನ ಹೆಸರು ಜಿಸಿಸಿ. 1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬಿಡುಗಡೆ ಮಾಡಿದ ಕಂಪೈಲರಿನ ವಂಶಸ್ಥ. ಆದರೆ ಇಲ್ಲಿಯ ವಿಚಾರ ಬಿಡುಗಡೆಯಾದ ಪ್ರತಿಯದ್ದಲ್ಲ. ಆವೃತ್ತಿ ಕೇಳಿದರೆ ‘ಎಕ್ಸ್‌ಪೆರಿಮೆಂಟಲ್’ ಎಂಬ ಬಿರುದನ್ನು ತಾನೇ ಹೇಳಿಕೊಳ್ಳುವ, ಇನ್ನೂ ಬೇಯುತ್ತಿರುವ ಪ್ರತಿಯದ್ದು. ಅದನ್ನು ಮೂಲಪಾಠದಿಂದ ಮನೆಯಲ್ಲೇ ಕಟ್ಟಲು ಹೊರಟ ಸಾಧಕ: ಎಂಜಿನಿಯರಿಂಗ್ ಓದುವ ಮೊಮ್ಮಗ. ಪೂರ್ವಪಕ್ಷ: ಅಜ್ಜಿ.

ಮೊದಲು ಮಡಿ. ಮೂಲಪಾಠ ಇರುವ ಫೋಲ್ಡರಿನೊಳಗೇ ಕಟ್ಟಬೇಡಿ, ಹೊರಗೆ ಬೇರೆ ಖಾಲಿ ಫೋಲ್ಡರ್ ಮಾಡಿಕೊಳ್ಳಿ ಎಂದು ಜಿಸಿಸಿಯ ಕೈಪಿಡಿ ಒತ್ತಿ ಹೇಳುತ್ತದೆ. ಇಡೀ ಶಾಸ್ತ್ರದಲ್ಲಿ ಅಜ್ಜಿ ಮರುಮಾತಿಲ್ಲದೆ ಒಪ್ಪಿದ್ದು ಇದೊಂದನ್ನೇ. ಬಳಿಕ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಗಣಿತ ತ್ರಿಮೂರ್ತಿಗಳ ಆವಾಹನೆ. ಅವರು ಬಾರದಿದ್ದರೆ ಕಾರ್ಯ ಸಂಕಲ್ಪದಲ್ಲೇ ನಿಂತುಬಿಡುತ್ತದೆ.

ಮುಂದೆ ‘ಮೇಕ್’ ಎಂಬ, ಕಟ್ಟಲು ಹಚ್ಚುವ ಮಂತ್ರ. ಲ್ಯಾಪ್‌ಟಾಪಿನ ಅಷ್ಟೂ ಕೋರುಗಳು ಒಟ್ಟಿಗೆ ದುಡಿಯತೊಡಗಿ ಪಕ್ಕದ ಕಂಡಿಯಿಂದ ಬಿಸಿಗಾಳಿ ಹೊರಡುತ್ತದೆ. ಒಗೆದ ಬಟ್ಟೆ ವಾರವಾದರೂ ಒಣಗದ ಊರಿನಲ್ಲಿ ಕಾಲುಚೀಲ ಒಣಗುವುದು ಶಾಸ್ತ್ರಕಾರರು ಗಮನಿಸದ ಉಪಫಲ. ಇನ್ನು ಎಲ್ಲಿ ಗುಡುಗೋ ಅಲ್ಲಿ ಕರೆಂಟಿಲ್ಲ ಎಂಬ ವ್ಯಾಪ್ತಿಗೆ ಮಣ್ಣಗುಡ್ಡವೇ ದೃಷ್ಟಾಂತವಾದ್ದರಿಂದ, ಇನ್ವರ್ಟರ್ ಕೂಡ ಪೂಜಾಸಾಮಗ್ರಿಯೆಂದು ತಿಳಿಯತಕ್ಕದ್ದು.

ಈಗ ತತ್ತ್ವ. ಮನೆಯಲ್ಲಿದ್ದ ಹಳೆಯ ಕಂಪೈಲರ್ ಹೊಸದನ್ನು ಕಟ್ಟುತ್ತದೆ. ಆ ಹೊಸದು ಅದೇ ಮೂಲಪಾಠದಿಂದ ತನ್ನನ್ನು ಇನ್ನೊಮ್ಮೆ ಕಟ್ಟುತ್ತದೆ. ಹಾಗೆ ಕಟ್ಟಿಸಿಕೊಂಡದ್ದು ಮತ್ತೂ ಒಮ್ಮೆ. ಎರಡನೆಯ ಮತ್ತು ಮೂರನೆಯ ಹಂತದ ಆಬ್ಜೆಕ್ಟ್ ಫೈಲುಗಳು ಹೊಂದಬೇಕು, ಇಲ್ಲವಾದರೆ ಕಂಪ್ಯಾರಿಸನ್ ಫೇಲ್ಯೂರ್ ಎಂದು ಕೂಗಿ ಎಲ್ಲವೂ ನಿಲ್ಲುತ್ತದೆ. ಮೊದಲ ಹಂತವನ್ನು ತೂಗುವುದಿಲ್ಲ. ಅದಕ್ಕೆ ಹಳೆಯವರ ಕೈ ತಾಗಿದೆ.

ಇದನ್ನೆಲ್ಲ ಕೇಳಿ ಅಜ್ಜಿ, “ಅಂದ್ರೆ ಎಂತ ಮಗಾ, ಪರೀಕ್ಷೆ ಬರೆದವನೇ ಮಾರ್ಕೂ ಹಾಕುವುದಾ?” ಎಂದರು.

ಈ ಆಕ್ಷೇಪ ಹೊಸತೇನಲ್ಲ. 1984ರಲ್ಲಿ ಅಚ್ಚಾದ ತನ್ನ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಕೆನ್ ಥಾಂಪ್ಸನ್ ಎತ್ತಿದ್ದೂ ಈ ಸಂಶಯವನ್ನೇ. ಕಂಪೈಲರಿನೊಳಗೆ ಒಮ್ಮೆ ಕಳ್ಳಬಾಗಿಲ ಗುಟ್ಟು ಸೇರಿಸಿಬಿಟ್ಟರೆ, ಮೂಲಪಾಠದಿಂದ ಅದನ್ನು ಅಳಿಸಿ ಹಾಕಿದ ಮೇಲೂ ಕಂಪೈಲರ್ ತನ್ನ ಸಂತಾನಕ್ಕೆ ಅದನ್ನು ತಾನೇ ದಾಟಿಸುತ್ತ ಹೋಗುತ್ತದೆ. ಮೂಲವನ್ನು ಎಷ್ಟು ಓದಿದರೂ ಸಿಗದು. ಎರಡೂ ಪ್ರತಿ ಹೊಂದುತ್ತವೆ, ಎರಡರಲ್ಲೂ ಕಳ್ಳ ಇದ್ದಾನೆ. ಮೊಮ್ಮಗನ ಬಳಿ ಉತ್ತರವಿರಲಿಲ್ಲ. “ಹಾಗಾದ್ರೆ ಪಕ್ಕದ ಮನೆಯವರ ಹತ್ರ ಒಮ್ಮೆ ಮಾಡಿಸಿ ನೋಡು ಮಾರಾಯ” ಎಂದು ಸಿದ್ಧಾಂತವನ್ನೂ ಅಜ್ಜಿಯೇ ಹೇಳಿ ಒಳಗೆ ಹೋದರು. ಸಂಬಂಧವಿಲ್ಲದ ಇನ್ನೊಂದು ಕಂಪೈಲರಿನಿಂದ ಕಟ್ಟಿಸಿ, ಅದರ ಫಲದಿಂದ ಮತ್ತೆ ಕಟ್ಟಿಸಿ, ಬಿಟ್ಟಿಗೆ ಬಿಟ್ಟು ತಾಳೆ ನೋಡುವ ಈ ಮಾರ್ಗವನ್ನು ಸಮರ್ಥಿಸಲು ಡೇವಿಡ್ ವೀಲರ್ 2009ರಲ್ಲಿ ಪಿಎಚ್‌ಡಿ ಪ್ರಬಂಧವನ್ನೇ ಬರೆಯಬೇಕಾಯಿತು.

ಕಡೆಗೆ ಪರೀಕ್ಷಾಕಾಂಡ. ‘ಮೇಕ್ ಚೆಕ್’ಗೆ ‘ಕೆ’ ಎಂಬ ಬೀಜಾಕ್ಷರ ಕೂಡಿಸಬೇಕು. ಸೋತರೂ ನಿಲ್ಲಬೇಡ ಎಂದು ಅದರ ಅರ್ಥ. ಫಲ ಬರೀ ಪಾಸು, ಫೇಲು ಎಂದು ಎರಡೇ ಬಗೆಯದಲ್ಲ. ‘ಎಕ್ಸ್‌ಫೇಲ್’ ಎಂದರೆ ಮೊದಲೇ ನಿರೀಕ್ಷಿಸಿದ ಸೋಲು, ಅದಕ್ಕೆ ಯಾರೂ ಬೈಯುವುದಿಲ್ಲ. ‘ಎಕ್ಸ್‌ಪಾಸ್’ ಎಂದರೆ ಸೋಲಬೇಕಾದದ್ದು ಗೆದ್ದಿದೆ. ಅದರ ಮೇಲೆ ಒಂದು ಕಣ್ಣಿಡಬೇಕು. ಅಪಕ್ವ ಪ್ರತಿಯಲ್ಲಿ ಸೋಲು ಇದ್ದೇ ಇರುವುದರಿಂದ ಕಟ್ಟುವವರು ನಿನ್ನೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ಹೊಸ ಸೋಲನ್ನಷ್ಟೇ ಸೋಲೆಂದು ಎಣಿಸುತ್ತಾರೆ.

ಸಾಧಕನು ಇದೇ ಪರಿಭಾಷೆಯಲ್ಲಿ ತನ್ನ ಮೂರನೇ ಸೆಮಿಸ್ಟರಿನ ಗಣಿತವನ್ನು ನಿರೀಕ್ಷಿತ ಸೋಲಿನ ವರ್ಗಕ್ಕೆ ಸೇರಿಸಿ ಮನೆಯಲ್ಲಿ ಮಂಡಿಸಿದ. ಅಜ್ಜಿ ಹಳೆಯ ಅಂಕಪಟ್ಟಿ ತರಿಸಿಕೊಂಡರು.