ಶೂ ಡಬ್ಬದ ಸಾಕ್ಷ್ಯ

ಅಮೆರಿಕದ ಹೆಲ್ತ್ ಸೇವಿಂಗ್ಸ್ ಅಕೌಂಟ್, ಅಂದರೆ ಎಚ್‌ಎಸ್‌ಎ, 2004ರ ಜನವರಿಯಿಂದ ಜಾರಿಯಲ್ಲಿದೆ. ಹಾಕುವ ಹಣಕ್ಕೆ ತೆರಿಗೆ ಇಲ್ಲ, ಬೆಳೆಯುವ ಹಣಕ್ಕೆ ಇಲ್ಲ, ಚಿಕಿತ್ಸೆಗೆಂದು ತೆಗೆದರೆ ಅದಕ್ಕೂ ಇಲ್ಲ. ಈ ಮೂರು ಇಲ್ಲಗಳಿಗೆ ಪುರಾವೆ ಕಾಯುವ ಕೆಲಸ ಮಾತ್ರ ಸಾಮಾನ್ಯವಾಗಿ ಕಪಾಟಿನೊಳಗಿನ ಶೂ ಡಬ್ಬದ್ದು. ಕ್ಯಾಲಿಫೋರ್ನಿಯಾದ ಕನ್ನಡ ಕುಟುಂಬವೊಂದರ ಡಬ್ಬ ಸಂದರ್ಶನಕ್ಕೆ ಒಪ್ಪಿತು.

ಖಾತೆ ಯಾರಿಗೆ ಸಿಗುತ್ತದೆ ಎಂಬ ಪ್ರಶ್ನೆಗೆ ಅದು ಲೆಕ್ಕ ಒಪ್ಪಿಸಿತು. ವಿಮೆ ಸುಲಭಕ್ಕೆ ಕೈಬಿಚ್ಚದಂಥದ್ದಾಗಿರಬೇಕು: 2025ರಲ್ಲಿ ಒಬ್ಬರಿಗಾದರೆ ಕನಿಷ್ಠ 1,650 ಡಾಲರ್, ಕುಟುಂಬಕ್ಕಾದರೆ 3,300 ಮೊದಲು ಸ್ವಂತ ಜೇಬಿನಿಂದ ಹೋಗಬೇಕಿತ್ತು. ಖಾತೆಗೆ ಹಾಕುವ ಮಿತಿ ಆ ವರ್ಷ 4,300 ಮತ್ತು 8,550 ಇತ್ತು. ಕೆಲಸ ಕೊಟ್ಟವರು ಹಾಕಿದ್ದೂ ಇದರಲ್ಲೇ ಸೇರಿತು. 55 ತುಂಬಿದವರಿಗೆ ಇನ್ನೊಂದು ಸಾವಿರ. ಹೆಚ್ಚಾದದ್ದನ್ನು ಸಕಾಲಕ್ಕೆ ಹಿಂತೆಗೆಯದಿದ್ದರೆ ವರ್ಷವರ್ಷವೂ ಶೇ 6 ದಂಡ.

ಹಣ ಕೊಡುವಾಗ ಬ್ಯಾಂಕು ಏನನ್ನೂ ಕೇಳುವುದಿಲ್ಲವೇ?

"ಕೇಳಬೇಕೆಂಬ ಕಾನೂನೇ ಇಲ್ಲ. 1099-ಎಸ್‌ಎ ಫಾರಂನಲ್ಲಿ ಎಷ್ಟು ತೆಗೆದರೆಂದು ತಿಳಿಸುತ್ತದೆ, ಯಾಕೆಂದು ತಿಳಿಸುವುದಿಲ್ಲ. ಅದರಲ್ಲಿ ಚಿಕಿತ್ಸೆಗೆ ಹೋದದ್ದೆಷ್ಟೆಂದು ಖಾತೆದಾರರೇ 8889ನೇ ಫಾರಂನಲ್ಲಿ ಬರೆಯುತ್ತಾರೆ. ಜೊತೆಗೆ ರಸೀದಿ ಕಳಿಸಬೇಡಿ ಎಂದು ತೆರಿಗೆ ಇಲಾಖೆಯಾದ ಐಆರ್‌ಎಸ್‌ ಕೂಡ ಹೇಳುತ್ತದೆ. ಅಷ್ಟು ನಂಬಿಕೆ!"

ನಂಬಿಕೆ ತಪಾಸಣೆಯ ನೋಟಿಸು ಬರುವವರೆಗೆ. ಆಗ ಮೂರು ಸಂಗತಿ ರುಜುವಾತಾಗಬೇಕು: ಖರ್ಚು ಚಿಕಿತ್ಸೆಯದೇ, ಆ ದುಡ್ಡು ಬೇರೆಲ್ಲಿಂದಲೂ ವಾಪಸು ಬಂದಿಲ್ಲ, ತೆರಿಗೆ ವಿನಾಯಿತಿಗೆ ಅದನ್ನೇ ಇನ್ನೊಮ್ಮೆ ತೋರಿಸಿಲ್ಲ. ಕಾರ್ಡ್ ಉಜ್ಜಿದ ಚೀಟಿ ಇದಕ್ಕೆ ಸಾಲದು, ಅದರಲ್ಲಿರುವುದು ಬರೀ ಮೊತ್ತ. ಐಟಂವಾರು ಬಿಲ್ಲೂ, ತಾನೆಷ್ಟು ಕೊಟ್ಟೆ, ನಿಮ್ಮ ಪಾಲೆಷ್ಟು ಎಂದು ವಿಮಾ ಕಂಪನಿ ವಿವರಿಸುವ ಇಒಬಿ ಪತ್ರವೂ ಬೇಕು. ಔಷಧದಂಗಡಿಯ ಒಂದೇ ಬಿಲ್ಲಿನಲ್ಲಿ ನೋವಿನ ಮಾತ್ರೆ ಸಲ್ಲುತ್ತದೆ, ಟೂತ್‌ಪೇಸ್ಟ್ ಸಲ್ಲುವುದಿಲ್ಲ. ಆ ಮಾತ್ರೆಗೂ 2011ರಿಂದ 2019ರವರೆಗೆ ವೈದ್ಯರ ಚೀಟಿ ಬೇಕಿತ್ತು, 2020ರಿಂದ ಬೇಡ. ಲೆಕ್ಕ ತಪ್ಪಿದರೆ ಆದಾಯ ತೆರಿಗೆಯ ಜೊತೆಗೆ ಆ ಮೊತ್ತದ ಶೇ 20 ದಂಡ. 65 ದಾಟಿದರೆ ದಂಡ ಹೋಗಿ ತೆರಿಗೆಯಷ್ಟೇ ಉಳಿಯುತ್ತದೆ.

ಎಷ್ಟು ವರ್ಷ ಕಾಯಬೇಕೆಂದು ಕೇಳಿದಾಗ ಡಬ್ಬದ ದನಿ ಏರಿತು. ಖಾತೆ ತೆರೆದ ಮೇಲೆ ಆದ ಖರ್ಚಿಗೆ ಹಣ ತೆಗೆಯಲು ಗಡುವೇ ಇಲ್ಲ. ಹೀಗಾಗಿ ಜಾಣರು ಈಗ ಜೇಬಿನಿಂದ ಕೊಟ್ಟು, ಖಾತೆಯ ಹಣವನ್ನು ಬೆಳೆಯಲು ಬಿಡುತ್ತಾರೆ.

"2025ರಲ್ಲಿ ಕೀಳಿಸಿದ ಹಲ್ಲಿನ ದುಡ್ಡನ್ನು 2050ರಲ್ಲಿ ತೆಗೆಯುತ್ತಾರಂತೆ. ತಪಾಸಣೆಯ ಮಾಮೂಲಿ ಮೂರು ವರ್ಷ ಶುರುವಾಗುವುದು ಹಲ್ಲು ಕೀಳಿಸಿದಾಗಲ್ಲ, ದುಡ್ಡು ತೆಗೆದ ವರ್ಷದ ರಿಟರ್ನ್ ಸಲ್ಲಿಸಿದಾಗ. ನಾನು ಕಾಯುತ್ತೇನೆ. ಥರ್ಮಲ್ ಕಾಗದದ ಶಾಯಿ ಕಾಯಬೇಕಲ್ಲ?"

ಸ್ಕ್ಯಾನ್ ಮಾಡಿಟ್ಟರೂ ನಡೆಯುತ್ತದೆ ಎಂಬ ಮಾತನ್ನು ಡಬ್ಬ ಕೇಳಿಸಿಕೊಳ್ಳಲಿಲ್ಲ.

ರಜೆಯಲ್ಲಿ ಮೈಸೂರಿಗೆ ಹೋದಾಗ ಮಾಡಿಸಿದ ರೂಟ್ ಕೆನಾಲ್ ಸಲ್ಲುತ್ತದೆ. ಬಿಲ್ಲಿನ ಜೊತೆ ಆ ದಿನದ ಡಾಲರ್ ದರ ಬರೆದಿಟ್ಟಿರಬೇಕು. ಆದರೆ ಅಮೆರಿಕದ ಪೌರರಲ್ಲದೆ ಹಾಸನದಲ್ಲೇ ಇರುವ ತಂದೆತಾಯಿಯ ಆಸ್ಪತ್ರೆ ಖರ್ಚು ಸಲ್ಲದು. ಮಗ ಪ್ರತಿ ತಿಂಗಳು ಹಣ ಕಳಿಸುತ್ತಿದ್ದರೂ ಈ ಕಾನೂನಿನ ಕಣ್ಣಿಗೆ ಅವರು ಅವಲಂಬಿತರಲ್ಲ.

ಮೂರು ಇಲ್ಲಗಳು ಕ್ಯಾಲಿಫೋರ್ನಿಯಾದಲ್ಲೂ ಇಲ್ಲವೇ ಎಂದಾಗ ಡಬ್ಬ, "ಅವು ವಾಷಿಂಗ್ಟನ್ನಿನವು," ಎಂದಿತು. ಈ ರಾಜ್ಯವೂ ನ್ಯೂಜೆರ್ಸಿಯೂ ಎಚ್‌ಎಸ್‌ಎಯನ್ನು ಮಾನ್ಯ ಮಾಡಿಲ್ಲ. ಹಾಕಿದ್ದಕ್ಕೂ ಬಡ್ಡಿಗೂ ರಾಜ್ಯದ ತೆರಿಗೆ ಉಂಟು, ಅದಕ್ಕೆ ಬೇರೆಯೇ ಲೆಕ್ಕ ಇಡಬೇಕು.

ಕೊನೆಯ ಪ್ರಶ್ನೆ ಡಬ್ಬದ ನಿವೃತ್ತಿಯದು. ಖಾತೆದಾರರು ತೀರಿಕೊಂಡರೆ ಖಾತೆ ಗಂಡ ಅಥವಾ ಹೆಂಡತಿಗೆ ಹಾಗೆಯೇ ಮುಂದುವರಿಯುತ್ತದೆ, ಡಬ್ಬವೂ ಜೊತೆಗೆ. ಬೇರೆಯವರ ಹೆಸರಿಗೆ ಬರೆದಿದ್ದರೆ ಖಾತೆ ಅಂದೇ ಮುಗಿದು, ಉಳಿದ ಹಣ ಪಡೆದವರ ಆದಾಯವಾಗುತ್ತದೆ. ಮೃತರ ಚಿಕಿತ್ಸೆಯ ಬಾಕಿಯನ್ನು ಅವರು ಒಂದು ವರ್ಷದೊಳಗೆ ತೀರಿಸಿದರೆ ಅಷ್ಟನ್ನು ಆ ಆದಾಯದಿಂದ ಕಳೆಯಬಹುದು. ಅದಕ್ಕೂ ರಸೀದಿ ಬೇಕಾದ್ದರಿಂದ ಡಬ್ಬಕ್ಕೆ ಒಂದು ವರ್ಷದ ಸೇವಾವಧಿ ವಿಸ್ತರಣೆ.