ಜಾಲತಾಣದ ಬರಹವನ್ನು ಹೊರಗೆ ಕೊಡುವವರಿಗೆ ಒಂದು ಬಹಿರಂಗ ಪತ್ರ



ಬೆಂಗಳೂರಿನ ಕಂಪನಿಗಳಲ್ಲಿ 'ಕನ್ನಡ ಕಂಟೆಂಟ್' ಎಂಬ ಬಾಬ್ತಿಗೆ ಹಣ ಮಂಜೂರು ಮಾಡುವ ನಿಮ್ಮೆಲ್ಲರಿಗೆ ಈ ಪತ್ರ. ಆ ಹಣದ ಕೊನೆಯ ಕಂತು ಬಂದು ತಲುಪುವ ಜಾಗದಲ್ಲಿ ಕುಳಿತು ಬರೆಯುವವಳು ನಾನು. ಕೆಲಸವನ್ನು ಹೊರಗೆ ಕೊಡಬೇಡಿ ಎನ್ನುತ್ತಿಲ್ಲ. ಲೆಕ್ಕಪತ್ರ, ಸಂಬಳದ ಪಟ್ಟಿ, ಕಟ್ಟಡದ ಕಾವಲು ಎಲ್ಲವೂ ಹೊರಗಿನವರ ಕೈಯಲ್ಲಿವೆ. ಬರಹವೂ ಇರಲಿ, ನನ್ನ ಅನ್ನ ಅದರಿಂದಲೇ ನಡೆಯುತ್ತಿದೆ.

ಹೊರಗಿನವರ ಕೆಲಸ ಮಾಡಿಕೊಟ್ಟೇ ಬೆಳೆದ ಊರು ನಮ್ಮದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂತು. ಆಮೇಲಿನ ನಾಲ್ಕು ದಶಕಗಳಲ್ಲಿ ಪರದೇಶದ ಗಿರಾಕಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಈ ಊರು ಚೆನ್ನಾಗಿ ಕಲಿತಿದೆ. ನಿಮ್ಮವರು ಗಿರಾಕಿಯೊಂದಿಗೆ ವಾರಗಟ್ಟಲೆ ಕುಳಿತು ಏನು ಬೇಕೆಂದು ಬರೆದುಕೊಳ್ಳುತ್ತಾರೆ, ಅನುಮಾನ ಬಂದರೆ ಯಾರನ್ನು ಕೇಳಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ, ಮುಗಿದ ಕೆಲಸ ಪರೀಕ್ಷಿಸಲು ಬೇರೆ ತಂಡವನ್ನೇ ಇಡುತ್ತಾರೆ. ಅದೇ ಕಂಪನಿ ತನ್ನ ಕನ್ನಡ ಪುಟಗಳನ್ನು ಹೊರಗೆ ಕೊಡುವಾಗ ಇದರಲ್ಲಿ ಒಂದೂ ಉಳಿಯುವುದಿಲ್ಲ.

ನನಗೆ ಬರುವುದು ಒಂದು ಎಕ್ಸೆಲ್ ಹಾಳೆ. ಎಡಗಡೆ ಇಂಗ್ಲಿಷ್ ಸಾಲುಗಳು, ಬಲಗಡೆ ಖಾಲಿ ಅಂಕಣ. ಆ ಸಾಲು ಗುಂಡಿಯ ಮೇಲೆ ಕೂರುತ್ತದೋ, ತಲೆಬರಹವೋ, ಹಣ ಕಳೆದುಕೊಂಡು ಗಾಬರಿಯಾದ ಗ್ರಾಹಕ ಓದುವ ಎಚ್ಚರಿಕೆಯೋ, ಹಾಳೆ ಹೇಳುವುದಿಲ್ಲ. ಕೇಳೋಣವೆಂದರೆ ನಿಮಗೂ ನನಗೂ ನಡುವೆ ಡಿಜಿಟಲ್ ಏಜೆನ್ಸಿ ಇದೆ, ಅದರ ಕೆಳಗೆ ಅನುವಾದದ ವೆಂಡರ್ ಇದ್ದಾರೆ. ನನ್ನ ಪ್ರಶ್ನೆ ಮೇಲಕ್ಕೆ ಹೋಗುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ನಿಮ್ಮ ಹಣವೂ ಅದೇ ದಾರಿಯಲ್ಲಿ ಇಳಿಯುತ್ತಾ ಪ್ರತಿ ಮೆಟ್ಟಿಲಲ್ಲಿ ಸವೆಯುತ್ತದೆ.

ದರ ಪದದ ಲೆಕ್ಕದಲ್ಲಿ. ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ಕನ್ನಡದಲ್ಲಿ ಅದೇ ಮಾತಿಗೆ ಇಂಗ್ಲಿಷಿಗಿಂತ ಕಡಿಮೆ ಪದ ಸಾಕು. ಹಾಗಾಗಿ ಕನ್ನಡದ ಪದ ಎಣಿಸಿ ಕೊಡುವ ಕಡೆ ಬಿಗಿಯಾಗಿ, ಚೆನ್ನಾಗಿ ಬರೆದಷ್ಟೂ ನನಗೆ ನಷ್ಟ. ಎಳೆದು ಬರೆದವರಿಗೆ ಹೆಚ್ಚು ಹಣ ಕೊಡುವ ಪದ್ಧತಿಯಿಂದ ಒಳ್ಳೆಯ ಪುಟ ಹುಟ್ಟೀತೆಂದು ನನಗನ್ನಿಸುವುದಿಲ್ಲ. ಪುಟಕ್ಕಿಷ್ಟು, ಕೆಲಸಕ್ಕಿಷ್ಟು ಎಂದು ಗೊತ್ತುಮಾಡಿ.

ಈಗ ಹಲವರು ಬಲಗಡೆಯ ಅಂಕಣವನ್ನು ಯಂತ್ರದಿಂದ ತುಂಬಿಸಿ, 'ಸ್ವಲ್ಪ ನೋಡಿಕೊಡಿ' ಎಂದು ಅರ್ಧ ದರಕ್ಕೆ ಕಳಿಸುತ್ತಾರೆ. 2025ರ ಜುಲೈಯಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿಗಳು ಕನ್ನಡದಲ್ಲಿ ಹಾಕಿದ ಸಂತಾಪ, ಮೆಟಾದ ಸ್ವಯಂಚಾಲಿತ ಅನುವಾದದಲ್ಲಿ ಮುಖ್ಯಮಂತ್ರಿಗಳೇ ತೀರಿಹೋದರೆಂಬಂತೆ ಬಂತು. ಸರ್ಕಾರದ ಕಡೆಯಿಂದ ಪತ್ರ ಹೋಯಿತು, ಕಂಪನಿ ಕ್ಷಮೆ ಕೇಳಿ ಸರಿಪಡಿಸಿತು. ಅಷ್ಟು ಎತ್ತರದಲ್ಲಿ ಆದ ತಪ್ಪಾದ್ದರಿಂದ ಕಣ್ಣಿಗೆ ಬಿತ್ತು. ನಿಮ್ಮ ಸಾಲದ ಷರತ್ತಿನ ಪುಟದಲ್ಲೋ ಔಷಧಿಯ ಮಾಹಿತಿಯಲ್ಲೋ ಅಂಥದೇ ತಪ್ಪು ನುಸುಳಿದರೆ ಹಿರಿಯೂರಿನಲ್ಲಿ ಮೊಬೈಲ್ ಹಿಡಿದು ಓದುವವರು ಯಾರಿಗೆ ಪತ್ರ ಬರೆಯಬೇಕು?

ಬೇರೆ ಥರವೂ ಕೆಲಸ ಮಾಡಿದ್ದೇನೆ. ಹನಿ ನೀರಾವರಿಯ ಸಾಮಾನು ಮಾರುವ ಒಂದು ಸಂಸ್ಥೆ ನನ್ನನ್ನು ರೈತರ ಫೋನ್ ಎತ್ತುವವರ ಪಕ್ಕದಲ್ಲೇ ಕೂರಿಸಿತು. ಪೈಪಿನ ಗುಣಮಟ್ಟದ ವರ್ಣನೆಯನ್ನು ಯಾರೂ ಕೇಳಲಿಲ್ಲ. ಬೋರ್‌ವೆಲ್ಲಿನ ಗಡಸು ನೀರಿಗೆ ಡ್ರಿಪ್ಪರ್ ಕಟ್ಟಿಕೊಂಡರೆ ಏನು ಮಾಡಬೇಕು, ಫಿಲ್ಟರನ್ನು ಯಾವಾಗ ತೊಳೆಯಬೇಕು, ಸಬ್ಸಿಡಿಗೆ ಪಹಣಿಯ ಜೊತೆ ಇನ್ನೇನು ಕಾಗದ ಬೇಕು, ಇವೇ ಪ್ರಶ್ನೆಗಳು. ಆ ಪ್ರಶ್ನೆಗಳಿಂದಲೇ ಪುಟ ಕಟ್ಟಿದೆ. ಅನುವಾದಿಸಲು ಇಂಗ್ಲಿಷ್ ಮೂಲವೇ ಇರಲಿಲ್ಲ. ನಾನು ಬರೆದದ್ದರಿಂದ ಅವರೇ ಆಮೇಲೆ ಇಂಗ್ಲಿಷ್ ಮಾಡಿಸಿಕೊಂಡರು. ವೃತ್ತಿಯ ಬರಹಗಾರರನ್ನು ಕರೆಯುವುದು ಇಂಥ ಕೆಲಸಕ್ಕೆ.

ಹಣದ, ಹಕ್ಕಿನ ಮಾತನ್ನೂ ಸಂಕೋಚವಿಲ್ಲದೆ ಆಡುತ್ತೇನೆ. ಉದ್ಯಮ್ ನೋಂದಣಿ ಮಾಡಿಸಿಕೊಂಡ ನನ್ನಂಥವರಿಗೆ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಒಪ್ಪಂದ ಏನೇ ಹೇಳಲಿ, 45 ದಿನದೊಳಗೆ ಹಣ ಸಲ್ಲಬೇಕು. 'ಕ್ಲೈಂಟ್ ಕೊಟ್ಟಮೇಲೆ ಕೊಡುತ್ತೇವೆ' ಎಂಬ ಏಜೆನ್ಸಿಯ ಮಾತು ಕಾಯ್ದೆಯಲ್ಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನೌಕರರು ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಕಂಪನಿಯದು. ಹೊರಗಿನ ಬರಹಗಾರರ ಬರಹ ನಿಮ್ಮದಾಗಬೇಕಾದರೆ ಅವರು ಸಹಿ ಮಾಡಿದ ಲಿಖಿತ ವರ್ಗಾವಣೆ ಬೇಕು. ಅಂಥ ಕಾಗದವಿಲ್ಲದೆ ಎಷ್ಟೋ ಕನ್ನಡ ಪುಟಗಳು ಓಡುತ್ತಿವೆ. ನಿಮ್ಮ ಕಾನೂನು ವಿಭಾಗ ಒಮ್ಮೆ ಕಡತ ತೆರೆದು ನೋಡಲಿ.

ಮುಂದಿನ ವರ್ಕ್ ಆರ್ಡರ್ ಹೊರಡುವ ಮೊದಲು ಅದರಲ್ಲಿ ನಿಮ್ಮ ಕಚೇರಿಯ ಇಬ್ಬರ ಹೆಸರು ಸೇರಿಸಿ. ಒಬ್ಬರು ಬರೆಯುವವರ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಲಿ. ಇನ್ನೊಬ್ಬರು ಕನ್ನಡ ಪ್ರತಿಯನ್ನು ಪೂರ್ತಿ ಓದಿ ಸಹಿ ಹಾಕಲಿ. ಕನ್ನಡ ಓದಬಲ್ಲವರು ನಿಮ್ಮ ಮಹಡಿಯಲ್ಲೇ ಇದ್ದಾರೆ, ವಿಚಾರಿಸಿ.

ಇತಿ,
ನಿಮ್ಮ ಪುಟಗಳನ್ನು ಬರೆಯುವವಳು